ಮುಸುರೆಯ ಬಕೆಟ್ಟು ಮತ್ತು ಸಿಂಕಿನ ಪೈಪು

ಅಡುಗೆಮನೆಯ ಸಿಂಕು ಕಟ್ಟಿಕೊಂಡರೆ ಮೊದಲು ಕುದಿಯುವ ನೀರು, ಆಮೇಲೆ ಸೋಡಾ ಪುಡಿ, ಕೊನೆಗೆ ರಬ್ಬರಿನ ಪಂಪು. ನಾನು ಇದೇ ಕ್ರಮದಲ್ಲಿ ಮಾಡಿದೆ. ಯಾವುದರಿಂದಲೂ ಏನೂ ಆಗಲಿಲ್ಲ. ನೀರು ಸ್ವಲ್ಪ ಇಳಿದಂತೆ ಮಾಡಿ ನಿಂತುಬಿಡುತ್ತಿತ್ತು. ಎರಡು ದಿನ ಕಳೆಯುವುದರೊಳಗೆ ಕೆಳಗೆ ಹನಿ ಬೀಳುವ ಸದ್ದು ಶುರುವಾಯಿತು. ಕಡಪಾ ಕಲ್ಲಿನ ಕಟ್ಟೆಯ ಕೆಳಗಿನ ಪರದೆ ಸರಿಸಿ ನೋಡಿದರೆ, ಸಿಂಕಿನ ಅಡಿಯಲ್ಲಿ ಪೈಪನ್ನು ಹಿಡಿದಿರುವ ಪ್ಲಾಸ್ಟಿಕ್ ನಟ್ಟು ಸೀಳು ಬಿಟ್ಟಿತ್ತು. ಹುಳಿ ವಾಸನೆ ಪಡಸಾಲೆಯವರೆಗೆ ಹರಡಿತ್ತು. ಪಡಸಾಲೆಯ ಮಂಚದ ಮೇಲೆ ನಮ್ಮ ಮನೆಯವರು ಮಲಗಿರುತ್ತಿದ್ದರು.

ಅವರಿಗೆ ಹುಬ್ಬಳ್ಳಿಯಲ್ಲಿ ಹೊಟ್ಟೆಯ ಆಪರೇಷನ್ ಆಗಿತ್ತು. ಗಡ್ಡೆ ತೆಗೆದಿದ್ದರು, ಪೂರ್ತಿ ತೆಗೆಯಲು ಆಗಿರಲಿಲ್ಲ. ಉಳಿದದ್ದಕ್ಕೆ ನರದ ಮೂಲಕ ಹರಿಸುವ ಔಷಧಿ ಇತ್ತು. ಮೈಯಲ್ಲಿ ಕಸುವಿಲ್ಲದವರಿಗೆ ಅದನ್ನು ಕೊಡುವಂತಿರಲಿಲ್ಲ. ನಾನು ನರ್ಸ್ ಎಂದು ಗೊತ್ತಿದ್ದುದರಿಂದ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ತೂಕ ಏರಿದರೆ ಔಷಧಿ, ಇಳಿದರೆ ಇಲ್ಲ ಎಂದರು. ಕೊಪ್ಪಳಕ್ಕೆ ವಾಪಸ್ಸು ಬರುವಾಗ ರೈಲಿನಲ್ಲಿ ನಾನು ಮನಸ್ಸಿನಲ್ಲೇ ದಿನಚರಿ ಹಾಕಿಕೊಂಡೆ. ನಮ್ಮ ಮನೆಯಲ್ಲಿ ಇನ್ನು ಉಳಿದ ಕೆಲಸ ಒಂದೇ: ಅವರು ಉಣ್ಣುವುದು.

ನಾನು ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಂದು ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತಳಾದವಳು. ತರಬೇತಿಯಲ್ಲಿ ಹಾಸಿಗೆಯ ಮೂಲೆ ಮಡಚುವುದನ್ನು ಹೇಗೆ ಕಲಿಸಿದ್ದರೋ ಹಾಗೆಯೇ ಇಂದಿಗೂ ಮಡಚುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ಕಟ್ಟೆ ಒರೆಸುತ್ತೇನೆ. ಗಿಣಿಗೇರಾದ ಉಕ್ಕಿನ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಅದರ ಮೇಲೆ ಕಪ್ಪು ಧೂಳು ಕೂತಿರುತ್ತದೆ. ಒರೆಸಿದ ಮೇಲೆ ಚಹಾ. ಚಹಾ ಆದ ಮೇಲೆ ನೀರು ತುಂಬುವುದು. ಯಾವ ಕೆಲಸವೂ ಇನ್ನೊಂದರ ಜಾಗಕ್ಕೆ ಬರಬಾರದು. ನಮ್ಮ ಮನೆಯವರು ಇದನ್ನೆಲ್ಲ ನೋಡಿ ನಗುತ್ತಿದ್ದರು. ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಗಂಗಾವತಿ, ಕಾರಟಗಿ ಕಡೆಯ ಗಾಡಿಯನ್ನು ಬಹಳ ವರ್ಷ ಓಡಿಸಿದ್ದರು. ಕೈ ಎತ್ತಿದಲ್ಲೆಲ್ಲ ನಿಲ್ಲಿಸುವ ಸ್ವಭಾವ.

“ನರ್ಸಬಾಯಾರ, ನಿಮ್ಮ ಗಾಡಿ ಒಂದೂ ಸ್ಟಾಪ್ ಕೊಡಂಗಿಲ್ಲಲ್ರಿ,” ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ತಮಾಷೆಗೆ ಶುರುವಾದ ಆ ‘ನರ್ಸಬಾಯಾರ’ ಕೊನೆಯವರೆಗೂ ಉಳಿಯಿತು. ಸಿಟ್ಟು ಬಂದಾಗ ಮಾತ್ರ ‘ನೀ’ ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಇನ್ನೊಂದು ನಿಯಮವಿತ್ತು. ಉಂಡವರು ಉಂಡ ತಟ್ಟೆಯನ್ನು ತಾವೇ ತೊಳೆಯಬೇಕು. ನನಗೆ ಡ್ಯೂಟಿ, ಅವರಿಗೂ ಡ್ಯೂಟಿ ಇದ್ದ ಕಾಲದಲ್ಲಿ ಹುಟ್ಟಿದ ನಿಯಮ ಅದು. ಅತ್ತೆಯವರಿಗೆ ಸೇರಿರಲಿಲ್ಲ, ಗಂಡಸು ತಟ್ಟೆ ತಿಕ್ಕುವುದೇ ಎಂದು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದರು. ನಮ್ಮ ಮನೆಯವರು ಮಾತ್ರ ಬೇಸರಿಸದೆ ತಿಕ್ಕಿದರು. ಆಪರೇಷನ್ ಆಗಿ ಬಂದ ಮೇಲೂ, ನಾನು ಬೇಡವೆಂದರೂ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ತಟ್ಟೆ ತೊಳೆದಿಟ್ಟು ಬರುತ್ತಿದ್ದರು. ನಡೆದಾಡಿದರೆ ಒಳ್ಳೆಯದೇ ಎಂದು ನಾನೂ ಸುಮ್ಮನಾದೆ. ತಟ್ಟೆ ಥಳಥಳ ಹೊಳೆಯುತ್ತಿತ್ತು.

ಅವರ ಊಟದ ಹೊತ್ತಿಗೆ ತಟ್ಟೆ ಇಟ್ಟು ನಾನು ಹಿತ್ತಲಿಗೆ ಹೋಗುತ್ತಿದ್ದೆ. ಬಟ್ಟೆ ಹಿಂಡಿ ಹರವುವ ಹೊತ್ತು ಅದು. ಎದುರಿಗೆ ಕೂತು ಉಣಿಸಿದರೆ ರೋಗಿ ಉಣ್ಣುವುದಿಲ್ಲ, ಅವನನ್ನು ಅವನ ಪಾಡಿಗೆ ಬಿಡಬೇಕು ಎಂಬುದು ನಾನು ವಾರ್ಡಿನಲ್ಲಿ ಕಂಡುಕೊಂಡ ಪಾಠ. ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಹೆಸರುಬೇಳೆಯ ಕಟ್ಟು, ಬೇಯಿಸಿದ ಮೊಟ್ಟೆ. ಮೊಟ್ಟೆ ನಮ್ಮ ಮನೆಯಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಡಾಕ್ಟರು ಹೇಳಿದ್ದಕ್ಕೆ ಅದಕ್ಕೆಂದೇ ಬೇರೆ ಪಾತ್ರೆ ತಂದು, ಮೂಗು ಬಿಗಿಹಿಡಿದು ಬೇಯಿಸುತ್ತಿದ್ದೆ. ನಾನು ಬಟ್ಟೆ ಹರವಿ ಒಳಗೆ ಬರುವಷ್ಟರಲ್ಲಿ ಅವರ ಊಟ ಮುಗಿದು ತಟ್ಟೆ ಗೋಡೆಗೆ ಆನಿಸಿಟ್ಟಿರುತ್ತಿತ್ತು.

“ಉಂಡ್ರ್ಯಾ?”

“ಉಂಡ್ನಿ. ನುಚ್ಚು ಛಲೋ ಆಗಿತ್ತು.”

ಉಂಡಿದ್ದಾರೆ ಎಂಬುದಕ್ಕೆ ನನಗೆ ಇನ್ನೊಂದು ಸಾಕ್ಷಿಯೂ ಇತ್ತು. ನಮ್ಮ ಓಣಿಯಲ್ಲಿ ಉಳಿದ ಅನ್ನ, ಅಕ್ಕಿ ತೊಳೆದ ನೀರು, ಪಾತ್ರೆಗೆ ಅಂಟಿದ್ದು, ಯಾವುದನ್ನೂ ಚೆಲ್ಲುವ ರೂಢಿ ಇಲ್ಲ. ಮುಸುರೆಯ ಬಕೆಟ್ಟಿಗೆ ಹಾಕಿ ಹಿತ್ತಲ ಬಾಗಿಲಲ್ಲಿ ಇಡುತ್ತೇವೆ. ಹಿಂದಿನ ಮನೆಯಲ್ಲಿ ಎಮ್ಮೆ ಕಟ್ಟಿಕೊಂಡಿರುವ ಹೆಣ್ಣುಮಗಳು ಬೆಳಿಗ್ಗೆ ಬಂದು ಒಯ್ಯುತ್ತಾಳೆ. ಒಯ್ಯುವಾಗ ಬಕೆಟ್ಟಿನಲ್ಲಿ ಕೈಯಾಡಿಸಿ ನೋಡುತ್ತಾಳೆ. ಯಾರ ಮನೆಯಲ್ಲಿ ಏನು ಅಡುಗೆ, ಯಾರು ಉಂಡರು, ಯಾರು ಮುನಿಸಿಕೊಂಡು ಉಪವಾಸ ಮಲಗಿದರು ಎಂಬುದೆಲ್ಲ ಅವಳಿಗೆ ಅಲ್ಲೇ ತಿಳಿಯುತ್ತದೆ. ಆ ದಿನಗಳಲ್ಲಿ ಅವಳು ನನ್ನನ್ನು ಕಾಡಿಸುತ್ತಿದ್ದಳು.

“ಅಕ್ಕಾರ, ನಿಮ್ಮನಿ ಮುಸುರಿ ಬರೇ ನೀರು. ಇದನ್ನ ಕುಡದು ನಮ್ಮ ಎಮ್ಮಿ ಸಣ್ಣಾಗಾಕ ಹತ್ತೈತ್ರಿ.”

“ಸಣ್ಣಾಗ್ಲಿ ಬಿಡು. ಓಣಿ ದಾಟೂ ಮುಂದ ನಿನ್ನ ಎಮ್ಮಿಗೆ ದಾರಿ ಸಾಲಂಗಿಲ್ಲ.”

“ಒಂದ್ ಅಗಳಾರ ಉಳಸ್ರಿ. ಅಣ್ಣಾರು ಅಷ್ಟೂ ಬಳ್ಕೊಂಡ್ ಉಣ್ತಾರನ?”

“ಹೂಂ, ಬಳ್ಕೊಂಡ್ ಉಣ್ತಾರ,” ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಖಾಲಿ ಮುಸುರೆ ನನಗೆ ಔಷಧಿ ಸಿಕ್ಕಷ್ಟೇ ಸಮಾಧಾನ ಕೊಡುತ್ತಿತ್ತು.

ಆದರೆ ತೂಕ ಇಳಿಯುತ್ತಿತ್ತು. ವಾರಕ್ಕೊಮ್ಮೆ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದೆ. ಮುಳ್ಳು ಪ್ರತಿ ಸಲವೂ ಎಡಕ್ಕೆ ಸರಿದಿರುತ್ತಿತ್ತು. ಇಷ್ಟು ತಿಂದೂ ಇಳಿಯುತ್ತಿದೆ ಎಂದರೆ ಒಳಗಿನದು ಬೆಳೆಯುತ್ತಿದೆ ಎಂದು ನಾನು ಲೆಕ್ಕ ಹಾಕಿದೆ. ಹುಬ್ಬಳ್ಳಿಗೆ ಫೋನು ಮಾಡಿ ಡಾಕ್ಟರಿಗೂ ಹಾಗೆಯೇ ಹೇಳಿದೆ: ಪೂರ್ತಿ ಉಣ್ಣುತ್ತಾರೆ, ಆದರೂ ಇಳಿಯುತ್ತಿದೆ. ಅವರು, ಇನ್ನೂ ಹೆಚ್ಚು ಕೊಡಿ ನೋಡೋಣ ಎಂದರು. ನಾನು ನುಚ್ಚಿಗೆ ತುಪ್ಪ ಹೆಚ್ಚಿಸಿದೆ. ಮೊಟ್ಟೆ ಎರಡು ಮಾಡಿದೆ. ತಟ್ಟೆ ಎಂದಿನಂತೆ ಖಾಲಿಯಾಯಿತು, ಮುಸುರೆ ಎಂದಿನಂತೆ ತಿಳಿಯಾಗಿತ್ತು. ಅದೇ ವಾರ ಸಿಂಕು ಕಟ್ಟಿಕೊಂಡಿತು.

ಪ್ಲಂಬರನಿಗೆ ಹೇಳಿ ಕಳಿಸಿದೆ. ಹಿಟ್ನಾಳದ ಹತ್ತಿರ ಯಾವುದೋ ಹೊಸ ಕಟ್ಟಡದಲ್ಲಿ ಕೆಲಸ ಹಿಡಿದಿದ್ದ. “ನಾಳಿ ಬಂದ ಬಿಡ್ತೀನ್ರಿ ಅಕ್ಕಾರ,” ಎಂದ. ಮರುದಿನ ಫೋನು ಮಾಡಿದರೂ ಅದನ್ನೇ ಹೇಳಿದ. ಹೇಳಿದ ಹೊತ್ತಿಗೆ ಬಾರದವರನ್ನು ಕಾಯುವುದು ನನ್ನಿಂದಾಗದ ಕೆಲಸ. ರೋಗಿಯಿರುವ ಮನೆಯಲ್ಲಿ ಕೊಳಕು ನೀರು ನಿಲ್ಲಬಾರದು. ಹಳೆಯ ಪೈಪಿನ ದಪ್ಪವನ್ನು ನೂಲಿನಲ್ಲಿ ಅಳೆದು, ಗಂಟು ಹಾಕಿ, ಬಸ್ ನಿಲ್ದಾಣದ ಹಿಂದಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ.

ಅಂಗಡಿಯವನು ನನ್ನ ನೂಲು ನೋಡಿ ನಕ್ಕ. “ಪ್ಲಂಬರ್ ಯಾರ್ ಬಂದಾರ್ರಿ?”

“ನಾನ ಪ್ಲಂಬರ್.”

“ಮಂದಿ ಗಾಯಕ್ಕ ಹೊಲಿಗಿ ಹಾಕಿದೋರು ನೀವು. ಪೈಪ್ ಯಾವ ಲೆಕ್ಕ ಬಿಡ್ರಿ.” ಹೀಗೆ ಹೇಳುತ್ತ ಸ್ಟೀಲಿನ ಜಾಲಿ ಇರುವ ಬಾಯಿ, ನೆರಿಗೆಯ ಬಿಳಿ ಪೈಪು, ರಬ್ಬರಿನ ವಾಶರುಗಳು, ನಟ್ಟು, ಎಳೆಗಳಿಗೆ ಸುತ್ತುವ ಬಿಳಿ ಟೇಪು ಎಲ್ಲವನ್ನೂ ಕಾಗದದಲ್ಲಿ ಕಟ್ಟಿಕೊಟ್ಟ. “ನಟ್ ಭಾಳ ಬಿಗೀಬ್ಯಾಡ್ರಿ, ಮತ್ತ ಸೀಳತೈತಿ. ಹಣ್ಣಿನ ಸಿಪ್ಪಿ, ಅನ್ನ ಅದೆಲ್ಲಾ ಒಳಗ ಹೋಗಾಕ ಬಿಡಬ್ಯಾಡ್ರಿ.”

“ನಮ್ಮನ್ಯಾಗ ಅನ್ನ ಸಿಂಕಿನಾಗ ಹಾಕಂಗಿಲ್ಲ,” ಎಂದು ನಾನು ಸ್ವಲ್ಪ ಬಿರುಸಾಗಿಯೇ ಹೇಳಿದೆ.

ಮನೆಗೆ ಬಂದು ಸೆರಗು ಸಿಕ್ಕಿಸಿ ಕೂತೆ. ಗ್ಯಾಸಿನ ಸಿಲಿಂಡರನ್ನು ಪಕ್ಕಕ್ಕೆ ಸರಿಸಿದೆ. ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಪಕ್ಕಡ್, ತಿರುಪುಳಿ, ಚಾಕು, ಅರಿವೆ, ಹೊಸ ಸಾಮಾನು ಎಲ್ಲವನ್ನೂ ಕೆಲಸಕ್ಕೆ ಬರುವ ಕ್ರಮದಲ್ಲಿ ಜೋಡಿಸಿದೆ. ಸಿಂಕಿನಲ್ಲಿ ನಿಂತಿದ್ದ ನೀರನ್ನು ಲೋಟದಿಂದ ತೋಡಿ ಚೆಲ್ಲಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಸಿಂಕಿನ ಬಾಯಿಯಲ್ಲಿ ಕಸ ತಡೆಯುವ ಜಾಲಿ ಬರಿದೆ ಮೇಲೆ ಕೂತಿತ್ತು. ಅದನ್ನು ಹಿಡಿದಿಡುವ ನಡುವಿನ ತಿರುಪು ಇರಲಿಲ್ಲ. ತುಕ್ಕು ತಿಂದು ಬಿದ್ದಿರಬೇಕು ಎಂದುಕೊಂಡೆ.

ಕೆಳಗೆ ಬಕೆಟ್ಟು ಇಟ್ಟು ಸೀಳಿದ ನಟ್ಟನ್ನು ತಿರುಗಿಸಿದೆ. ಕೈಗೆ ಬಗ್ಗಲಿಲ್ಲ. ಪಕ್ಕಡಿನಲ್ಲಿ ಹಿಡಿದು ಎಳೆದಾಗ ಪೈಪು ಕಳಚಿ ನೀರು ದಬದಬ ಸುರಿಯಿತು. ನೀರು ನಿಂತ ಮೇಲೂ ಪೈಪು ಭಾರವಾಗಿಯೇ ಇತ್ತು. ಬಾಯಿಯ ತನಕ ಏನೋ ಗಟ್ಟಿಯಾಗಿ ತುಂಬಿಕೊಂಡಿತ್ತು. ಚಾಕುವಿನಿಂದ ಉದ್ದಕ್ಕೆ ಸೀಳಿ ಬಿಚ್ಚಿದೆ.

ಮೊದಲು ಅದು ಜಿಡ್ಡು ಎಂದೇ ಅನ್ನಿಸಿತು. ಅರಿವೆಯಿಂದ ಒರೆಸಿದಾಗ ಕಾಳು ಕಾಳಾಗಿ ಬಿಡಿಸಿಕೊಂಡಿತು. ಜೋಳದ ನುಚ್ಚು. ಅದರ ನಡುವೆ ಉಬ್ಬಿದ ರೊಟ್ಟಿಯ ತುಣುಕುಗಳು. ಅವುಗಳ ನಡುವೆ, ಬೆರಳಿನಿಂದ ಹಿಸುಕಿ ಪುಡಿ ಮಾಡಿದ, ಬೆಳ್ಳಗಿನ ರಬ್ಬರಿನಂತಹ ಚೂರುಗಳು. ಅದೇನು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆ ಒಬ್ಬರಿಗೆ ಮಾತ್ರ ಬೇಯುತ್ತಿತ್ತು.

ಪೈಪಿನ ಪ್ರತಿ ನೆರಿಗೆಯಲ್ಲೂ ಒಂದೊಂದು ಊಟ ಕೂತಿತ್ತು. ಮೇಲಿನದು ಇನ್ನೂ ಬಿಳಿಯಾಗಿತ್ತು, ಕೆಳಗಿನದು ಕಪ್ಪಾಗಿತ್ತು. ನಾನು ಒಲೆಯ ಮುಂದೆ ನಿಂತು ತಿರುವಿದ್ದು, ತುಪ್ಪ ಹಾಕಿದ್ದು, ಆರಿಸಿ ತಟ್ಟೆಗೆ ಬಡಿಸಿದ್ದು ಎಲ್ಲ ಅಲ್ಲಿಯೇ ಇತ್ತು. ಮುಸುರೆಗೆ ಹಾಕಿದರೆ ಎಮ್ಮೆಯವಳ ಕಣ್ಣಿಗೆ ಬೀಳುತ್ತಿತ್ತು, ಅವಳ ಬಾಯಿಂದ ನನ್ನ ಕಿವಿಗೆ ಬೀಳುತ್ತಿತ್ತು. ಹಾಗಾಗಿ ಜಾಲಿ ಬಿಚ್ಚಿ, ಚಮಚದಿಂದ ಒತ್ತಿ ಒಳಗೆ ತುರುಕಿದ್ದರು. ನಾನು ಬಟ್ಟೆ ಹರವಿ ಬರುವ ಹೊತ್ತು ಅವರಿಗೆ ಗೊತ್ತಿತ್ತು. ನನ್ನ ಗಾಡಿ ಎಲ್ಲೂ ತಡ ಮಾಡುವುದಿಲ್ಲ, ಬೇಗವೂ ಬರುವುದಿಲ್ಲ.

ಸಾಮಾನಿನ ಸದ್ದು ನಿಂತದ್ದನ್ನು ಕೇಳಿ ಅವರು ಎದ್ದು ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತು, ಪತ್ರಿಕೆಯ ಮೇಲೆ ಸೀಳಿ ಬಿದ್ದಿದ್ದ ಪೈಪನ್ನು ನೋಡಿದರು.

“ಪ್ಲಂಬರ್ ಬರ್ತಾನಂತ ಅಂದಿದ್ರಿ,” ಎಂದರು.

“ಬರ್ಲಿಲ್ಲ.”

“ಹೂಂ.”

ಅಷ್ಟೇ ಅಂದು ಅಲ್ಲಿದ್ದ ಸ್ಟೂಲಿನ ಮೇಲೆ ನಿಧಾನವಾಗಿ ಕೂತರು. ಅಂಗಿಯೊಳಗೆ ಅವರ ಹೆಗಲಿನ ಎಲುಬು ಹ್ಯಾಂಗರಿನಂತೆ ಕಾಣುತ್ತಿತ್ತು.

“ಯಾವಾಗಿಂದ?” ಎಂದು ಕೇಳಿದೆ.

“ಬಂದಾಗಿಂದ. ಮೊದಲ ಒಂದೀಟು ಹೋಗ್ತಿತ್ತು. ಈಗ ನಾಕ ಚಮಚ ತಿಂದ್ರ ಒಳಗ ಕೊಳ್ಳಿ ಇಟ್ಟಂಗ ಆಗತೈತಿ.”

“ನನಗ ಹೇಳಬೇಕಿತ್ತು.”

“ಹೇಳಿದ್ರ ನೀ ಹುಬ್ಬಳ್ಳಿಗೆ ಒಯ್ತಿದ್ದಿ. ಅಲ್ಲಿ ಮೂಗಿನಾಗ ನಳಿಗಿ ಹಾಕ್ತಿದ್ರು.”

ಆಪರೇಷನ್ ಆದ ಮೇಲೆ ಅವರ ಮೂಗಿನಲ್ಲಿ ನಳಿಗೆ ಇತ್ತು. ಅದರಿಂದಲೇ ಗಂಜಿ ಹೋಗುತ್ತಿತ್ತು. ಅದನ್ನು ಕಿತ್ತುಕೊಳ್ಳಬಾರದೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಕಟ್ಟಲು ಅರಿವೆ ಕೊಟ್ಟವಳು ನಾನೇ. ನನಗೆ ಅದು ದಿನವೂ ಮಾಡಿದ ಕೆಲಸವಾಗಿತ್ತು. ಅಂತಹ ನಳಿಗೆಗಳನ್ನು ನಾನು ಎಷ್ಟು ಜನಕ್ಕೆ ಹಾಕಿದ್ದೇನೋ ನೆನಪಿಲ್ಲ.

“ಮತ್ತ ದಿನಾ ಉಂಡ್ನಿ ಅಂತ ಯಾಕ ಅಂದ್ರಿ?”

“ನೀ ಬಟ್ಟಿ ಹರವಿ ಒಳಗ ಬರ್ತಿದ್ದಿ. ಖಾಲಿ ತಟ್ಟಿ ನೋಡಿ ಮುಖ ಅರಳತಿತ್ತು,” ಎಂದರು. “ನನಗ ಉಣ್ಣಾಕ ಬರ್ತಿರಲಿಲ್ಲ. ಅದನ್ನಾರ ನೋಡೂಣಂತ.”

ಸಿಂಕು ಬಿಚ್ಚಿ ಬಿದ್ದಿತ್ತು. ಬಿಚ್ಚಿದ್ದನ್ನು ಹಾಗೇ ಬಿಟ್ಟು ಏಳುವುದು ನನಗೆ ಬರುವುದಿಲ್ಲ. ಕೆಳಗಿನ ಮೂಲೆ ಕತ್ತಲಾಗಿತ್ತು. ಅವರು ಮೊಬೈಲಿನ ಟಾರ್ಚು ಹಚ್ಚಿ, ಸ್ಟೂಲಿನಿಂದ ಬಾಗಿ ಹಿಡಿದರು. ನಾನು ಹಳೆಯ ಬಾಯಿಯನ್ನು ತೆಗೆದು, ಸಿಂಕಿನ ತೂತಿನ ಸುತ್ತ ಕೂತಿದ್ದ ಮಡ್ಡಿಯನ್ನು ಚಾಕುವಿನಿಂದ ಕೆರೆದೆ. ಹೊಸ ಬಾಯಿಗೆ ವಾಶರ್ ಹಾಕಿ ಮೇಲಿಂದ ಕೂರಿಸಿ, ಎಳೆಗಳಿಗೆ ಟೇಪು ಸುತ್ತಿ, ಕೆಳಗಿಂದ ನಟ್ಟು ಏರಿಸಿದೆ. ಪೈಪು ಜೋಡಿಸಿ ನೀರು ಬಿಟ್ಟರೆ ಸುತ್ತಲೂ ಹನಿ ಜಿನುಗಿತು.

“ಸೋರಾಕ ಹತ್ತೈತಿ,” ಎಂದರು ಟಾರ್ಚು ಹಿಡಿದವರು.

ಮೇಲೆ ಹಾಕಬೇಕಾದ ದಪ್ಪ ವಾಶರನ್ನು ಕೆಳಗೆ ಹಾಕಿದ್ದೆ, ತೆಳ್ಳನೆಯದನ್ನು ಮೇಲೆ. ಜೀವಮಾನದಲ್ಲಿ ನಾನು ಸಾಮಾನಿನ ಕ್ರಮ ತಪ್ಪಿದವಳಲ್ಲ. ಪತ್ರಿಕೆಯ ಮೇಲೆ ಅಷ್ಟು ಚಂದ ಜೋಡಿಸಿಟ್ಟುಕೊಂಡಿದ್ದೆ. ಮತ್ತೆ ಬಿಚ್ಚಿದೆ, ಒರೆಸಿದೆ, ಅದಲು ಬದಲು ಮಾಡಿ ಕೂರಿಸಿದೆ. ಈ ಸಲ ನೀರು ಸುತ್ತಿ ಸುಳಿದು ಗುಳುಗುಳು ಇಳಿದು ಹೋಯಿತು. ಬೆರಳಿಟ್ಟು ನೋಡಿದೆ, ಕೆಳಗೆ ಒಣಗಿತ್ತು. ನಲ್ಲಿ ಬಂದ್ ಮಾಡುವುದು ಮರೆತು ಹಾಗೇ ನಿಂತೆ. ನೀರು ಹೋಗುತ್ತಲೇ ಇತ್ತು.

“ಸಾಕ ಬಂದ್ ಮಾಡ್ರಿ, ನರ್ಸಬಾಯಾರ,” ಎಂದರು. “ಟಾಕಿ ಖಾಲಿ ಆದೀತು.”

ಊಟದ ಹೊತ್ತು ಮೀರಿತ್ತು. ನುಚ್ಚು ಒಲೆಯ ಮೇಲೆ ತಣ್ಣಗಾಗಿತ್ತು. ಬಿಸಿ ಮಾಡಿ, ಎಂದಿನ ತಟ್ಟೆಗೆ ಎಂದಿನಷ್ಟೇ ಬಡಿಸಿದೆ. ಕಡಿಮೆ ಬಡಿಸಲು ಕೈ ಬರಲಿಲ್ಲ. ಅಂದು ನಾನು ಹಿತ್ತಲಿಗೆ ಹೋಗಲಿಲ್ಲ, ಬಟ್ಟೆ ಬಾಲ್ದಿಯಲ್ಲೇ ಉಳಿಯಿತು. ಎದುರಿಗೆ ಕೂತೆ. ಅವರು ಒಂದು ಚಮಚ ತಿಂದರು. ಕಣ್ಣು ಮುಚ್ಚಿ ಅದನ್ನು ಇಳಿಸಿದರು. ಇನ್ನೊಂದು ತಿಂದರು. ಹೊಟ್ಟೆಯ ಮೇಲೆ ಅಂಗೈ ಒತ್ತಿ ಹಿಡಿದುಕೊಂಡು, ಮೂರನೆಯದನ್ನು ಎತ್ತಿ, ಹಾಗೇ ತಟ್ಟೆಯಲ್ಲಿ ಇಳಿಸಿದರು. ಏಳಲು ನೋಡಿದರು.

“ಕುಂದರ್ರಿ,” ಎಂದೆ.

“ತಟ್ಟಿ ನಾನ ತೊಳೀಬೇಕಲ್ಲ?”

“ಬ್ಯಾಡ. ಕೊಡ್ರಿ.”

ತಟ್ಟೆ ಇಸಿದುಕೊಂಡು ಹಿತ್ತಲ ಬಾಗಿಲಿಗೆ ಹೋಗಿ, ಉಳಿದದ್ದನ್ನೆಲ್ಲ ಬಳಿದು ಮುಸುರೆಗೆ ಹಾಕಿದೆ. ನುಚ್ಚು ನೀರಿನಲ್ಲಿ ಮುಳುಗಿತು, ತುಪ್ಪ ಮೇಲೆ ತೇಲಿತು.

ಮರುದಿನ ಎಮ್ಮೆಯವಳು ಬಂದು ಎಂದಿನಂತೆ ಒಂದೇ ಕೈಯಿಂದ ಬಕೆಟ್ಟು ಎತ್ತಲು ಹೋಗಿ ನಿಂತಳು. ಕೈಯಾಡಿಸಿ ನೋಡಿದಳು.

“ಇವತ್ತ ಭಾರ ಐತ್ರಿ ಅಕ್ಕಾರ. ನಿನ್ನಿ ಹಬ್ಬ ಇತ್ತೇನ…” ಎಂದು ಶುರು ಮಾಡಿದವಳು ಪಡಸಾಲೆಯ ಕಡೆ ನೋಡಿದಳು. ನನ್ನ ಮುಖ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಿಂದ ಬಕೆಟ್ಟು ಎತ್ತಿ ಒಯ್ದಳು.

ಡಾಕ್ಟರು ಹೇಳಿದ ದಿನ ಹುಬ್ಬಳ್ಳಿಗೆ ಹೋದೆವು. ನಾನು ನಿಜವನ್ನು ಹೇಳಿದೆ. ಡಾಕ್ಟರು ಔಷಧಿಯ ಮಾತು ಎತ್ತಲಿಲ್ಲ. ನಳಿಗೆ ಹಾಕಿ ಕೆಲವು ವಾರ ನೋಡಬಹುದು, ಕಸುವು ಬಂದರೂ ಬರಬಹುದು ಎಂದರು. ನಮ್ಮ ಮನೆಯವರು ನೆಲ ನೋಡುತ್ತ ಬೇಡವೆಂದು ತಲೆ ಅಲ್ಲಾಡಿಸಿದರು. ಡಾಕ್ಟರು ನನ್ನ ಕಡೆ ತಿರುಗಿದರು. ಬೇಡ ಎನ್ನುವ ರೋಗಿಗೆ ಏನು ಹೇಳಿ ಒಪ್ಪಿಸಬೇಕು ಎಂಬುದು ನನಗೆ ಬಾಯಿಪಾಠವಿತ್ತು. ಹೇಳಿದ್ದರೆ ಅವರು ಒಪ್ಪುತ್ತಿದ್ದರು. ನನ್ನ ಮುಖ ನೋಡಿ ಒಪ್ಪುತ್ತಿದ್ದರು. ನಾನು ಹೇಳಲಿಲ್ಲ. ಸಂಜೆಯ ರೈಲಿಗೆ ವಾಪಸ್ಸು ಬಂದೆವು.

ಆಮೇಲಿನ ದಿನಗಳಲ್ಲೂ ಹೊತ್ತಿಗೆ ಸರಿಯಾಗಿ ಅಡುಗೆ ಮಾಡಿದೆ. ಹೊತ್ತಿಗೆ ಸರಿಯಾಗಿ ಬಡಿಸಿದೆ. ಅವರು ಎರಡು ಚಮಚ ತಿಂದು, ಆಮೇಲೆ ಒಂದು, ಆಮೇಲೆ ಬಾಯಿ ಒದ್ದೆಯಾಗುವಷ್ಟು ಮಜ್ಜಿಗೆ ಕುಡಿದು ತಟ್ಟೆಯನ್ನು ನನ್ನ ಕೈಗೆ ಕೊಡುತ್ತಿದ್ದರು. ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಅವರ ಕಣ್ಣೆದುರೇ ಬಳಿದು ಮುಸುರೆಗೆ ಹಾಕುತ್ತಿದ್ದೆ. ತಕ್ಕಡಿಯನ್ನು ಅಟ್ಟಕ್ಕೆ ಹಾಕಿದೆ. ಒಮ್ಮೆ ಅವರು, “ಎಮ್ಮಿ ಈಗ ದಪ್ಪ ಆಗಿರಬೇಕಲ್ಲ?” ಎಂದರು. ನಾನು ಹೌದು ಎಂದೆ. ಅದಕ್ಕೆ ನಗಲು ನೋಡಿ ಕೆಮ್ಮಿದರು. ಬಿಸಿಲು ಏರುವ ಮೊದಲೇ, ಒಂದು ಬೆಳಿಗ್ಗೆ, ನಾನು ಕಿಟಕಿಯ ಕಟ್ಟೆ ಒರೆಸುತ್ತಿದ್ದಾಗ ಹೋದರು. ಅರಿವೆ ಕೈಯಲ್ಲಿತ್ತು. ಕಟ್ಟೆ ಅರ್ಧ ಒರೆಸಿದ್ದೆ.

ಸಿಂಕು ಈಗಲೂ ಸರಿಯಾಗಿದೆ. ಕೆಳಗೆ ಒಂದು ಹನಿ ಸೋರಿಲ್ಲ. ಮನೆಗೆ ಬಂದವರು, ನೀವೇ ಹಾಕಿದಿರಾ ಎಂದು ಬಗ್ಗಿ ನೋಡಿ ಹೊಗಳುತ್ತಾರೆ. ಹೌದು ಎನ್ನುತ್ತೇನೆ. ಅಡುಗೆ ಒಬ್ಬಳಿಗೆ, ಉಳಿಯುವುದು ಏನೂ ಇಲ್ಲ. ಉಂಡ ತಟ್ಟೆ ತೊಳೆದು ಗೋಡೆಗೆ ಆನಿಸಿ ಇಡುತ್ತೇನೆ. ಬಕೆಟ್ಟಿನಲ್ಲಿ ಮತ್ತೆ ಬರೇ ನೀರು, ಅಕ್ಕಿ ತೊಳೆದದ್ದು. ಎಮ್ಮೆಯವಳು ದಿನವೂ ಬರುತ್ತಾಳೆ. ಕೈಯಾಡಿಸಿ ನೋಡುವುದನ್ನು ಬಿಟ್ಟಿದ್ದಾಳೆ. ಬಕೆಟ್ಟು ಎತ್ತಿಕೊಂಡು ಹೋಗುತ್ತಾಳೆ. ಹಗುರಾಗಿದೆ ಎಂದು ಒಮ್ಮೆಯೂ ಅಂದಿಲ್ಲ.